ಓದುಗರ ಪ್ರಶ್ನೋತ್ತರ: ಮಂತ್ರದ ಕತ್ತಿ ಇದ್ದವನಿಗೆ ಧೈರ್ಯ ಏಕೆ ಬೇಕು?

ಫ್ಯಾಂಟಸಿ ಕಾದಂಬರಿಗಳನ್ನು ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನಕ್ಕೆ ಕೊಡಗಿನ ನಾನಾ ಊರುಗಳಿಂದ ಪತ್ರಗಳು ಬಂದಿವೆ. ಮಾಂತ್ರಿಕರು, ರಾಕ್ಷಸರು, ಡ್ರ್ಯಾಗನ್‌ಗಳು ತುಂಬಿರುವ ಈ ಕಥೆಗಳಲ್ಲಿ ಬರುವ ಧೈರ್ಯ, ಮಾನ ಮತ್ತು ಜಾಣ್ನುಡಿಗಳು ನಮ್ಮ ಬದುಕಿಗೆ ಎಷ್ಟರಮಟ್ಟಿಗೆ ಸಲ್ಲುತ್ತವೆ ಎಂಬುದೇ ಹೆಚ್ಚಿನವರ ಪ್ರಶ್ನೆ. ಆಯ್ದ ಪತ್ರಗಳಿಗೆ ಇಲ್ಲಿ ಉತ್ತರಿಸಿದೆ. ಬರೆದವರ ಹೆಸರುಗಳನ್ನು ಅಂಕಣದ ರೂಢಿಯಂತೆ ಕೈಬಿಟ್ಟಿದೆ.

ಪ್ರಶ್ನೆ: ನನ್ನ ಅಜ್ಜ ಸೇನೆಯಲ್ಲಿದ್ದು ನಿವೃತ್ತರಾದವರು. ನಾನು ಫ್ಯಾಂಟಸಿ ಓದುವುದನ್ನು ಕಂಡಾಗಲೆಲ್ಲ, “ಕೈಯಲ್ಲಿ ಮಂತ್ರದ ಕತ್ತಿ ಇರುವವನಿಗೆ ಧೈರ್ಯ ಏಕೆ ಬೇಕು ಮಗಳೇ? ಅದರಿಂದ ನೀನು ಏನು ಕಲಿಯುತ್ತೀ?” ಎಂದು ಕೇಳುತ್ತಾರೆ. ಅವರಿಗೆ ಏನು ಹೇಳಲಿ?
– ಪದವಿ ವಿದ್ಯಾರ್ಥಿನಿ, ಗೋಣಿಕೊಪ್ಪಲು

ಉತ್ತರ: ನಿಮ್ಮ ಅಜ್ಜನವರ ಪ್ರಶ್ನೆ ಬಹಳ ಒಳ್ಳೆಯ ಪ್ರಶ್ನೆ. ಒಳ್ಳೆಯ ಫ್ಯಾಂಟಸಿಯನ್ನು ಕಳಪೆಯಾದದ್ದರಿಂದ ಬೇರ್ಪಡಿಸಲು ಇದಕ್ಕಿಂತ ಉತ್ತಮವಾದ ಒರೆಗಲ್ಲು ನನಗೆ ತಿಳಿದಿಲ್ಲ. ಕತ್ತಿಯೇ ಎಲ್ಲವನ್ನೂ ಮಾಡಿ ಮುಗಿಸಿದರೆ ಆ ಕಥೆಯಲ್ಲಿ ಧೈರ್ಯಕ್ಕೆ ಎಡೆಯಿಲ್ಲ, ಅಂಥ ಪುಸ್ತಕವನ್ನು ಅಜ್ಜನವರು ಬದಿಗಿಡುವುದು ನ್ಯಾಯವೇ ಆಗಿದೆ. ಆದರೆ ಈ ಪ್ರಕಾರದ ದೊಡ್ಡ ಕೃತಿಗಳು ಮಂತ್ರವನ್ನು ಒಂದು ಹಂತದವರೆಗೆ ಮಾತ್ರ ಬಿಟ್ಟುಕೊಂಡು, ಅಲ್ಲಿಂದ ಮುಂದಿನ ದಾರಿಯನ್ನು ಮನುಷ್ಯನೇ ತನ್ನ ಕಾಲಿನಲ್ಲಿ ನಡೆಯುವಂತೆ ಮಾಡುತ್ತವೆ.

ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ 1954–55ರಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು. ಅದನ್ನು ಬರೆದವರು ಯುದ್ಧವನ್ನು ಪುಸ್ತಕದಲ್ಲಿ ಓದಿ ತಿಳಿದವರಲ್ಲ ಎಂಬುದನ್ನು ಅಜ್ಜನವರಿಗೆ ಮೊದಲು ಹೇಳಿ. ಅವರು 1916ರಲ್ಲಿ ಫ್ರಾನ್ಸಿನ ಸೊಮ್ ಕದನದಲ್ಲಿ ಸಂಪರ್ಕ ವಿಭಾಗದ ಅಧಿಕಾರಿಯಾಗಿದ್ದರು, ಕಂದಕಗಳಲ್ಲಿ ಹೇನುಗಳಿಂದ ಹರಡುತ್ತಿದ್ದ ಜ್ವರ ಹಿಡಿದು ಊರಿಗೆ ಮರಳಿದರು, ಆ ಮಹಾಯುದ್ಧ ಮುಗಿಯುವಷ್ಟರಲ್ಲಿ ತಮ್ಮ ಆಪ್ತ ಗೆಳೆಯರಲ್ಲಿ ಒಬ್ಬರನ್ನುಳಿದು ಎಲ್ಲರನ್ನೂ ಕಳೆದುಕೊಂಡಿದ್ದರು. ಅವರ ಕಥೆಯಲ್ಲಿ ಕೊನೆಯವರೆಗೂ ಒಡೆಯನ ಜೊತೆಗಿದ್ದು ಅವನನ್ನು ಹೆಗಲ ಮೇಲೆ ಹೊತ್ತು ಬೆಟ್ಟ ಹತ್ತುವ ಸ್ಯಾಮ್ ಎಂಬ ತೋಟಗಾರ, ಆ ಯುದ್ಧದಲ್ಲಿ ತಾವು ಕಂಡ ಸಾಮಾನ್ಯ ಸಿಪಾಯಿಗಳ ಪಡಿಯಚ್ಚು ಎಂದು ಅವರೇ ಹೇಳಿಕೊಂಡಿದ್ದಾರೆ. ಕಥಾನಾಯಕ ಫ್ರೋಡೋನ ಬಳಿ ಶತ್ರು ಸಮೀಪಿಸಿದರೆ ಹೊಳೆಯುವ ಕತ್ತಿಯೂ ಇದೆ, ಈಟಿ ತೂರದ ಕವಚವೂ ಇದೆ. ಆದರೆ ಅವನು ಹೊರಟಿರುವ ಕೆಲಸಕ್ಕೆ ಇವೆರಡೂ ಉಪಯೋಗಕ್ಕೆ ಬರುವುದಿಲ್ಲ. ಸರ್ವಶಕ್ತವಾದ ಉಂಗುರವೊಂದನ್ನು ಬೆಂಕಿಗೆ ಎಸೆಯುವುದು ಆ ಕೆಲಸ, ಮತ್ತು ಅದನ್ನು ಬಿಟ್ಟುಕೊಡಲು ಬೇಕಾದ ಬಲ ಯಾವ ಕತ್ತಿಯಲ್ಲೂ ಇಲ್ಲ. ಇನ್ನೂ ಗಮನಿಸಬೇಕಾದದ್ದೆಂದರೆ, ಕೊನೆಯ ಗಳಿಗೆಯಲ್ಲಿ ಆ ನಾಯಕನೂ ಸೋಲುತ್ತಾನೆ, ಉಂಗುರ ತನ್ನದು ಎಂದುಬಿಡುತ್ತಾನೆ. ಕಾರ್ಯ ನೆರವೇರುವುದು ಗೊಲ್ಲಮ್ ಎಂಬ ಹೀನ ಜೀವಿಯಿಂದ. ಕೊಲ್ಲುವ ಅವಕಾಶವಿದ್ದಾಗಲೂ ಕರುಣೆಯಿಂದ ಅದನ್ನು ಮತ್ತೆ ಮತ್ತೆ ಉಳಿಸಿದ್ದರಿಂದ. ಕೊಲ್ಲದಿರುವುದಕ್ಕೂ ಎದೆಗಾರಿಕೆ ಬೇಕು ಎಂಬುದನ್ನು ಯುದ್ಧ ಕಂಡವರೊಬ್ಬರು ಹೇಳಿದಾಗ ಅದಕ್ಕೆ ಬೇರೆಯೇ ತೂಕ ಬರುತ್ತದೆ.

ಅಜ್ಜನವರಿಗೆ ಇಂಗ್ಲಿಷಿನ ಉದಾಹರಣೆ ಒಗ್ಗದಿದ್ದರೆ ಕುಮಾರವ್ಯಾಸನ ವಿರಾಟಪರ್ವವನ್ನು ಅವರ ಮುಂದೆ ಓದಿ. ಅಂತಃಪುರದ ಹೆಂಗಸರ ಮುಂದೆ ಕೊಚ್ಚಿಕೊಂಡು, ಕೌರವರ ಸೈನ್ಯ ಕಂಡೊಡನೆ ರಥದಿಂದ ಧುಮುಕಿ ಓಡಿದ ಉತ್ತರಕುಮಾರನನ್ನು ನಾವು ನಗೆಪಾಟಲಿಗಷ್ಟೇ ನೆನೆಯುತ್ತೇವೆ. ಅವನು ಅನಂತರ ಮಾಡಿದ್ದನ್ನು ಮರೆಯುತ್ತೇವೆ. ಬೃಹನ್ನಳೆ ಹಿಡಿದು ತಂದ ಮೇಲೆ ಅದೇ ಹುಡುಗ ಬನ್ನಿಯ ಮರ ಹತ್ತಿ ಪಾಂಡವರ ಆಯುಧಗಳನ್ನು ಇಳಿಸಿಕೊಡುತ್ತಾನೆ, ತಾನು ಯಾರಿಂದ ಓಡಿದ್ದನೋ ಆ ಭೀಷ್ಮ, ದ್ರೋಣ, ಕರ್ಣರ ನಡುವಿಗೆ ರಥವನ್ನು ತಾನೇ ನಡೆಸುತ್ತಾನೆ. ದಿವ್ಯಾಸ್ತ್ರಗಳೆಲ್ಲ ಅರ್ಜುನನವು; ಉತ್ತರನ ಕೈಯಲ್ಲಿದ್ದದ್ದು ಲಗಾಮು ಮಾತ್ರ. ಆ ದಿನದ ಯುದ್ಧದಲ್ಲಿ ನಿಜಕ್ಕೂ ಹೆದರಿಕೆಯನ್ನು ಗೆದ್ದವನು ಯಾರೆಂದು ಕೇಳಿದರೆ ನಾನು ಅರ್ಜುನನ ಹೆಸರು ಹೇಳುವುದಿಲ್ಲ. ಈ ಭಾಗವನ್ನು ಓದಿ ಮುಗಿಸಿದ ಮೇಲೆ, ಅಜ್ಜನವರು ಒಪ್ಪಿದರೆ, ಸೇನೆಯಲ್ಲಿ ತಮಗೆ ಮೊದಲು ಹೆದರಿಕೆಯಾದದ್ದು ಯಾವಾಗ ಎಂದು ಅವರನ್ನೇ ಕೇಳಿ.

ಪ್ರಶ್ನೆ: ಮಗನ ಒತ್ತಾಯಕ್ಕೆ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ದೊಡ್ಡ ಕಾದಂಬರಿ ಸರಣಿಯ ಮೊದಲ ಸಂಪುಟವನ್ನು ಓದಿದೆ. ಮಾತಿಗೆ ತಪ್ಪದ ಸಜ್ಜನನ ತಲೆಯನ್ನೇ ಅದರಲ್ಲಿ ಕಡಿಸುತ್ತಾರೆ. ಮಾನಕ್ಕಾಗಿ ಬದುಕಿದವನು ಕೆಟ್ಟ ಎಂಬುದೇ ಈಗಿನ ಮಕ್ಕಳು ಕಲಿಯಬೇಕಾದ ಪಾಠವೇ?
– ಕಾಫಿ ಬೆಳೆಗಾರರು, ನಾಪೋಕ್ಲು

ಉತ್ತರ: ನಿಮ್ಮ ನೋವು ಅರ್ಥವಾಗುತ್ತದೆ. 1996ರಲ್ಲಿ ಆ ಸಂಪುಟ ಬಂದಾಗಿನಿಂದ ಎಷ್ಟೋ ಓದುಗರು ಆ ಪುಟದಲ್ಲಿ ಪುಸ್ತಕ ಮುಚ್ಚಿಟ್ಟಿದ್ದಾರೆ. ಆದರೂ ಆ ಸಜ್ಜನ ಎಡ್ಡರ್ಡ್ ಸ್ಟಾರ್ಕ್‌ನ ಕಥೆಯನ್ನು ಇನ್ನೊಮ್ಮೆ ನಿಧಾನವಾಗಿ ನೋಡಬೇಕೆಂದು ಕೋರುತ್ತೇನೆ. ಆರಂಭದಲ್ಲಿ ಅವನು ಕಾವಲು ಬಿಟ್ಟು ಓಡಿಬಂದ ಒಬ್ಬನಿಗೆ ಮರಣದಂಡನೆ ವಿಧಿಸಿ, ತಲೆ ಕಡಿಯುವ ಆಳಿನ ಕೈಗೆ ಬಿಡದೆ ತಾನೇ ಕತ್ತಿ ಎತ್ತುತ್ತಾನೆ. ಸಾಯುವವನ ಕಣ್ಣು ನೋಡಿ, ಅವನ ಕಡೆಯ ಮಾತು ಕೇಳಲು ಆಗದವನಿಗೆ ಶಿಕ್ಷೆ ವಿಧಿಸುವ ಹಕ್ಕೂ ಇಲ್ಲ ಎಂಬುದು ಮಕ್ಕಳಿಗೆ ಅವನು ಹೇಳಿಕೊಡುವ ನೀತಿ. ಹೆದರಿದವನು ಧೀರನಾಗಬಲ್ಲನೇ ಎಂದು ಏಳು ವರ್ಷದ ಮಗ ಕೇಳಿದಾಗ, ಹೆದರಿಕೆಯಿದ್ದಾಗ ಮಾತ್ರ ಧೀರನಾಗಲು ಸಾಧ್ಯ ಎನ್ನುತ್ತಾನೆ. ಕೊನೆಯಲ್ಲಿ ಅವನನ್ನು ಸೆರೆಯಲ್ಲಿಟ್ಟು, ರಾಜದ್ರೋಹವನ್ನು ಒಪ್ಪಿಕೊಂಡರೆ ಮಗಳ ಜೀವ ಉಳಿಯುತ್ತದೆ ಎಂದಾಗ, ಅವನು ಊರಿನ ಎದುರು ನಿಂತು ತಾನು ಮಾಡದ ತಪ್ಪನ್ನು ಒಪ್ಪಿಕೊಳ್ಳುತ್ತಾನೆ. ಅಂದರೆ ಜೀವಮಾನವೆಲ್ಲ ಕಾಪಾಡಿಕೊಂಡ ಹೆಸರನ್ನು ಮಗಳಿಗಾಗಿ ತಾನೇ ಕೆಳಗಿಡುತ್ತಾನೆ. ಅವನು ಸತ್ತದ್ದು ಜನರ ಕಣ್ಣಿಗೆ ದ್ರೋಹಿಯಾಗಿ. ಇದನ್ನು ಮಾನಗೇಡು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ; ಹತ್ತು ಜನ ಹೊಗಳಲೆಂದು ಉಳಿಸಿಕೊಳ್ಳುವ ಮಾನಕ್ಕಿಂತ, ಯಾರಿಗೂ ತಿಳಿಯದಂತೆ ಕಳೆದುಕೊಂಡ ಆ ಮಾನವೇ ನನಗೆ ದೊಡ್ಡದಾಗಿ ಕಾಣುತ್ತದೆ.

ಅವನಲ್ಲಿ ದೋಷವಿಲ್ಲವೆಂದು ನಾನು ಹೇಳುತ್ತಿಲ್ಲ. ರಾಣಿಯ ಗುಟ್ಟು ತನಗೆ ತಿಳಿದಿದೆ ಎಂಬುದನ್ನು, ಅವಳ ಮಕ್ಕಳ ಮೇಲಿನ ಕನಿಕರದಿಂದ, ಅವಳಿಗೇ ಮೊದಲು ತಿಳಿಸಿ ಓಡಿಹೋಗಲು ಅವಕಾಶ ಕೊಟ್ಟನಲ್ಲ, ಅಲ್ಲಿ ಅವನು ಎಚ್ಚರ ತಪ್ಪಿದ. ಸತ್ಯವಂತನಾಗಿರುವುದು ಎದುರಾಳಿಯನ್ನು ಅಳೆಯುವ ಹೊಣೆಯಿಂದ ಯಾರನ್ನೂ ಬಿಡಿಸುವುದಿಲ್ಲ. ನಮ್ಮ ವಿದುರನನ್ನು ನೋಡಿ. ಅರಗಿನ ಮನೆಯ ಸಂಚು ತಿಳಿದಾಗ ಅವನು ದುರ್ಯೋಧನನ ಮುಂದೆ ಗುಡುಗಲಿಲ್ಲ. ಬೀಳ್ಕೊಡುವ ಜನರ ನಡುವೆಯೇ ಧರ್ಮರಾಯನೊಬ್ಬನಿಗೆ ಅರ್ಥವಾಗುವ ಒಗಟಿನ ಮಾತಿನಲ್ಲಿ ಎಚ್ಚರಿಸಿ, ಮುಂದೆ ಸುರಂಗ ತೋಡುವವನನ್ನೂ ಗುಟ್ಟಾಗಿ ಕಳುಹಿಸಿದ. ಧರ್ಮವೂ ಉಳಿಯಿತು, ಐವರು ಮಕ್ಕಳೂ ಉಳಿದರು.

ಮಾನವೆಂಬುದು ತಪ್ಪು ಜಾಗದಲ್ಲಿ ಕಟ್ಟಿಹಾಕುವುದೂ ಉಂಟು. ಕೃಷ್ಣ ಬಂದು ಜನ್ಮರಹಸ್ಯ ಹೇಳಿ ರಾಜ್ಯವನ್ನೇ ಕೊಡುವೆನೆಂದರೂ ಕರ್ಣ ದುರ್ಯೋಧನನ ಉಪ್ಪಿನ ಋಣವನ್ನು ಮೀರಲಿಲ್ಲ. ಅದಕ್ಕಾಗಿ ಪಂಪ ಮಹಾಕವಿ 941ರ ತನ್ನ ಕಾವ್ಯದಲ್ಲಿ, ಭಾರತದಲ್ಲಿ ನೆನೆಯುವುದಾದರೆ ಕರ್ಣನನ್ನು ನೆನೆ ಎಂದು ಮನಸಾರೆ ಹಾಡಿದ. ಆದರೂ ಆ ನಿಷ್ಠೆ ಅಧರ್ಮದ ಪಕ್ಷವನ್ನು ಬಲಪಡಿಸಿತೆಂಬುದು ಸುಳ್ಳಾಗುವುದಿಲ್ಲ. ಸಾವಿರ ವರ್ಷ ಕಳೆದರೂ ಈ ಗಂಟನ್ನು ನಾವು ಬಿಡಿಸಲಾಗಿಲ್ಲ, ಅದಕ್ಕೇ ಆ ಪಾತ್ರ ಇಂದಿಗೂ ನಮ್ಮನ್ನು ಕಾಡುತ್ತಿದೆ.

ನೀವು ಕೊಡಗಿನವರಾದುದರಿಂದ ಇನ್ನೊಂದು ಮಾತನ್ನು ಸೇರಿಸುತ್ತೇನೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ, ತಮ್ಮ ಮಿಸ್ಟೇರ್ ವಿಮಾನಕ್ಕಿಂತ ಬಹಳ ವೇಗದ ಸ್ಟಾರ್‌ಫೈಟರ್ ಯುದ್ಧವಿಮಾನವೊಂದನ್ನು ಎದುರಿಸಿ ಹೊಡೆದುರುಳಿಸಿ, ತಾವೂ ಹಿಂದಿರುಗಲಿಲ್ಲ. ಅಲ್ಲಿ ನಡೆದದ್ದೇನೆಂದು ಬಹುಕಾಲ ನಮ್ಮವರಿಗೆ ತಿಳಿದಿರಲಿಲ್ಲ. ಮಹಾವೀರ ಚಕ್ರ ಅವರಿಗೆ ಸಂದದ್ದು 1988ರಲ್ಲಿ, 23 ವರ್ಷಗಳ ಅನಂತರ. ನೋಡುವವರು ಯಾರೂ ಇಲ್ಲದ ಆಕಾಶದಲ್ಲಿ ಅವರು ಮಾಡಿದ ಕೆಲಸ, ಪದಕ ಬರುವ ಮೊದಲೂ ಅಷ್ಟೇ ದೊಡ್ಡದಾಗಿತ್ತು. ಮಗನೊಡನೆ ಸ್ಟಾರ್ಕ್‌ನ ಕಥೆಯನ್ನು ಚರ್ಚಿಸುವಾಗ ದಯವಿಟ್ಟು ಇದನ್ನೂ ಹೇಳಿ.

ಪ್ರಶ್ನೆ: ಫ್ಯಾಂಟಸಿಯಲ್ಲಿ ಮನಸ್ಸಿಗೆ ನಾಟುವ ಮಾತುಗಳೆಲ್ಲ ಖಳರ ಬಾಯಲ್ಲೇ ಬರುತ್ತವಲ್ಲ, ಏಕೆ?
– ಮೂರ್ನಾಡಿನ ಓದುಗರೊಬ್ಬರು

ಉತ್ತರ: ಖಳನು ತನ್ನ ಮಾತಿನಂತೆ ನಡೆಯಬೇಕಾದ ಹೊಣೆ ಹೊತ್ತವನಲ್ಲ, ಆದ್ದರಿಂದ ಅವನ ಮಾತು ಹಗುರಾಗಿ ಹಾರುತ್ತದೆ. ಜೊತೆಗೆ ಅವನು ಹೇಳುವುದರಲ್ಲಿ ಅರ್ಧ ನಿಜವಿರುತ್ತದೆ, ಉಳಿದರ್ಧವನ್ನು ಓದುಗನೇ ಹುಡುಕಿಕೊಳ್ಳಬೇಕು.

ಪ್ರಶ್ನೆ: ಈ ಕಥೆಗಳಲ್ಲಿ ವಿವೇಕದ ಮಾತು ರಾಜರಿಗಿಂತ ಕುಳ್ಳರು, ಮುದುಕಿಯರು, ವಿದೂಷಕರ ಬಾಯಲ್ಲಿ ಹೆಚ್ಚು. ನಗೆಮಾತಿಗೂ ಧೈರ್ಯಕ್ಕೂ ಏನಾದರೂ ಸಂಬಂಧವಿದೆಯೇ?
– ವಕೀಲರು, ವಿರಾಜಪೇಟೆ

ಉತ್ತರ: ಇದೆ, ಮತ್ತು ಅದು ಹತ್ತಿರದ ಸಂಬಂಧ. ಕತ್ತಿ ಹಿಡಿಯಲಾಗದವನಿಗೆ ಉಳಿಯುವ ಆಯುಧ ನಾಲಗೆ. ಅದನ್ನು ಬಳಸಿದರೆ ಪೆಟ್ಟು ತಿನ್ನಬೇಕಾದವನೂ ಅವನೇ. ಆಸ್ಥಾನದಲ್ಲಿ ಎಲ್ಲರೂ ತಲೆಬಾಗಿ ನಿಂತಿರುವಾಗ ರಾಜನ ತಪ್ಪನ್ನು ನಗುತ್ತಾ ಹೇಳುವವನು ತನ್ನ ತಲೆಯನ್ನು ಪಣಕ್ಕಿಟ್ಟಿರುತ್ತಾನೆ. ತೆನಾಲಿ ರಾಮಕೃಷ್ಣನ ಕಥೆಗಳಲ್ಲಿ ನಗೆಯ ಹಿಂದೆ ಮರಣದಂಡನೆಯ ನೆರಳು ಎಷ್ಟು ಸಲ ಸುಳಿಯುತ್ತದೆ ಎಂಬುದನ್ನು ನೆನಪಿಸಿಕೊಳ್ಳಿ. ಮೇಲೆ ಹೇಳಿದ ಮಾರ್ಟಿನ್ ಅವರ ಕಾದಂಬರಿಯಲ್ಲಿ ಟಿರಿಯನ್ ಎಂಬ ಕುಬ್ಜನು, ಹಾದರಕ್ಕೆ ಹುಟ್ಟಿದವನೆಂಬ ಹೀಯಾಳಿಕೆಯಿಂದ ಕುಗ್ಗಿದ್ದ ಹುಡುಗನಿಗೆ, ಲೋಕ ಆಡಿಕೊಳ್ಳುವ ಕುಂದನ್ನು ಮೊದಲು ನೀನೇ ಒಪ್ಪಿ ಕವಚದಂತೆ ತೊಟ್ಟುಕೋ, ಆಗ ಅದರಿಂದ ನಿನ್ನನ್ನು ಯಾರೂ ನೋಯಿಸಲಾರರು ಎಂಬ ಅರ್ಥದ ಮಾತನ್ನು ಹೇಳುತ್ತಾನೆ. ಹುಟ್ಟಿದಂದಿನಿಂದ ಅವಮಾನ ಉಂಡವನು ಮಾತ್ರ ಕೊಡಬಲ್ಲ ಬುದ್ಧಿಮಾತು ಅದು.

ಟೆರಿ ಪ್ರ್ಯಾಚೆಟ್ 1983ರಿಂದ ತಮ್ಮ ಕೊನೆಯವರೆಗೂ ಬರೆದ 41 ಡಿಸ್ಕ್‌ವರ್ಲ್ಡ್ ಕಾದಂಬರಿಗಳು ಇಡಿಯಾಗಿ ಈ ನಂಬಿಕೆಯ ಮೇಲೆಯೇ ನಿಂತಿವೆ. ನಗಿಸುತ್ತಾ ನಗಿಸುತ್ತಾ ಅವರು ಓದುಗನನ್ನು ಗಂಭೀರವಾದ ಜಾಗಕ್ಕೆ ಕರೆದೊಯ್ದು ನಿಲ್ಲಿಸುತ್ತಾರೆ. ಅವರ ಹಳ್ಳಿಯ ಮಾಟಗಾತಿ ಗ್ರಾನಿ ವೆದರ್‌ವ್ಯಾಕ್ಸ್, ಮನುಷ್ಯರನ್ನು ವಸ್ತುಗಳಂತೆ ಕಾಣುವಲ್ಲಿಂದಲೇ ಪಾಪ ಶುರುವಾಗುತ್ತದೆ ಎಂದು ಒಬ್ಬ ಪುರೋಹಿತನಿಗೆ ಹೇಳುವುದನ್ನು ಓದಿದಾಗ, ಪಾಪ ಪುಣ್ಯಗಳ ಮೇಲೆ ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಹೇಳಿದವರು ವಿರಳ ಎನಿಸಿತು. ಆ ಮುದುಕಿಗೆ ಮಾಟ ಚೆನ್ನಾಗಿ ಗೊತ್ತು. ಆದರೂ ಸಾಧ್ಯವಾದಷ್ಟು ಮಟ್ಟಿಗೆ ಅದನ್ನು ಬಳಸದೆ ಕೆಲಸ ಮುಗಿಸುವುದೇ ಅವಳ ಹೆಮ್ಮೆ.

ಜಾಣ್ನುಡಿಗೂ ಮಾನಕ್ಕೂ ಇರುವ ನಂಟನ್ನು ತಾವು ವಕೀಲರಾಗಿ ಇನ್ನೂ ಚೆನ್ನಾಗಿ ಬಲ್ಲಿರಿ. ಟೋಲ್ಕಿನ್ ಅವರ 1937ರ ಮಕ್ಕಳ ಕಾದಂಬರಿಯಲ್ಲಿ ಬಿಲ್ಬೋ ಎಂಬಾತ ಕತ್ತಲ ಗುಹೆಯಲ್ಲಿ ಜೀವವನ್ನೇ ಪಣವಿಟ್ಟು ಗೊಲ್ಲಮ್‌ನೊಡನೆ ಒಗಟಿನ ಆಟ ಆಡುತ್ತಾನೆ. ದುಷ್ಟ ಜೀವಿಗಳೂ ಮೋಸಮಾಡಲು ಅಂಜುವಷ್ಟು ಪವಿತ್ರವಾದ ಆಟ ಅದು. ಆದರೆ ಒಗಟು ತೋಚದಾದಾಗ ಬಿಲ್ಬೋ, ತನ್ನ ಜೇಬಿನಲ್ಲಿ ಏನಿದೆ ಎಂದು ಕೇಳಿ ಗೆಲ್ಲುತ್ತಾನೆ. ಹಳೆಯ ನಿಯಮದಂತೆ ಅದು ಒಗಟೇ ಅಲ್ಲವೆಂದು ಲೇಖಕರೇ ಗುರುತಿಸಿದ್ದಾರೆ. ಗೆಲುವಿನಲ್ಲಿ ಸೇರಿಕೊಂಡ ಆ ಸಣ್ಣ ಕಲ್ಮಶವನ್ನು ಅವರು ಮುಚ್ಚಿಡಲಿಲ್ಲ ಎಂಬುದು ನನಗೆ ಬಹಳ ಮೆಚ್ಚಿಗೆಯಾದ ಸಂಗತಿ.

ಇದರ ಪಕ್ಕದಲ್ಲಿ ನಮ್ಮ ಯಕ್ಷಪ್ರಶ್ನೆಯನ್ನಿಟ್ಟು ನೋಡಿ. ಕೊಳದ ದಡದಲ್ಲಿ ನಾಲ್ವರು ತಮ್ಮಂದಿರು ಹೆಣವಾಗಿ ಬಿದ್ದಿದ್ದಾರೆ, ಬಾಯಾರಿದ ಯುಧಿಷ್ಠಿರ ಯಕ್ಷನ ಪ್ರಶ್ನೆಗಳಿಗೆ ಉತ್ತರಿಸುತ್ತಾನೆ. ದಿನದಿನವೂ ಜೀವಿಗಳು ಸಾಯುತ್ತಿರುವುದನ್ನು ಕಂಡೂ ಉಳಿದವರು ತಾವು ಶಾಶ್ವತವೆಂದು ಬಗೆಯುವುದೇ ದೊಡ್ಡ ಅಚ್ಚರಿ ಎಂಬ ಅವನ ಉತ್ತರವನ್ನು ಎಲ್ಲರೂ ಬಲ್ಲರು. ಆದರೆ ನಿಜವಾದ ಪರೀಕ್ಷೆ ಪ್ರಶ್ನೆಗಳು ಮುಗಿದ ಮೇಲೆ ಬರುತ್ತದೆ. ಒಬ್ಬ ತಮ್ಮನನ್ನು ಮಾತ್ರ ಬದುಕಿಸುವೆ, ಆರಿಸಿಕೋ ಎಂದಾಗ, ಮುಂದೆ ಯುದ್ಧ ಗೆಲ್ಲಿಸಬಲ್ಲ ಭೀಮಾರ್ಜುನರನ್ನು ಬಿಟ್ಟು ಅವನು ನಕುಲನನ್ನು ಕೇಳುತ್ತಾನೆ. ಕುಂತಿಗೆ ತಾನೊಬ್ಬ ಉಳಿದಿರುವಂತೆ ಮಾದ್ರಿಗೂ ಒಬ್ಬ ಮಗ ಉಳಿಯಲಿ ಎಂದು. ಜಾಣತನದ ಪರೀಕ್ಷೆಯಾಗಿ ಶುರುವಾದದ್ದು ನ್ಯಾಯದ ಪರೀಕ್ಷೆಯಾಗಿ ಮುಗಿಯುತ್ತದೆ. ಲೋಕದ ಯಾವ ಫ್ಯಾಂಟಸಿಯೂ ಈ ದೃಶ್ಯವನ್ನು ಮೀರಿಸಿದ್ದನ್ನು ನಾನು ಓದಿಲ್ಲ.

ಪ್ರಶ್ನೆ: ಫ್ಯಾಂಟಸಿಯಲ್ಲಿ ಹೆಣ್ಣು ಒಂದೋ ಗೋಪುರದಲ್ಲಿ ಕಾಯುತ್ತಾಳೆ, ಇಲ್ಲವೇ ಗಂಡಿನಂತೆ ಕತ್ತಿ ಬೀಸುತ್ತಾಳೆ. ಬೇರೆ ಬಗೆಯ ಧೈರ್ಯ ಅವಳಿಗಿಲ್ಲವೇ?
– ಗೃಹಿಣಿ, ಸೋಮವಾರಪೇಟೆ

ಉತ್ತರ: ನಿಮ್ಮ ದೂರಿನಲ್ಲಿ ಸತ್ಯವಿದೆ. ಈ ಪ್ರಕಾರದಲ್ಲಿ ಬಹುಕಾಲ ಗಂಡಸರೇ ಬರೆದರು, ಗಂಡುಹುಡುಗರಿಗಾಗಿಯೇ ಬರೆದರು. ಆದರೂ ಕತ್ತಿ ಹಿಡಿದ ಹೆಣ್ಣುಗಳೆಲ್ಲ ಒಂದೇ ಬಗೆಯವರಲ್ಲ. ಟೋಲ್ಕಿನ್ ಕಥೆಯ ಇಯೋವಿನ್ ತನಗೆ ಸಾವಿನ ಭಯವಿಲ್ಲ, ಪಂಜರದ ಭಯವಿದೆ ಎನ್ನುತ್ತಾಳೆ. ವೇಷ ಮರೆಸಿ ಯುದ್ಧಕ್ಕೆ ಹೋದ ಅವಳು ಪ್ರೇತರಾಜನೆದುರು ನಿಲ್ಲುವುದು ಕೀರ್ತಿಗಾಗಿಯಲ್ಲ, ನೆಲಕ್ಕೆ ಬಿದ್ದ ಸೋದರಮಾವನ ಮೈಯನ್ನು ಅವನು ಮುಟ್ಟದಿರಲೆಂದು. ಅವನನ್ನು ಕೊಂದ ಪೆಟ್ಟು ಅವಳದು, ಆದರೆ ಅದಕ್ಕೂ ಮೊದಲು ಹಿಂದಿನಿಂದ ತೆವಳಿ ಬಂದು ಅವನ ಮೊಣಕಾಲಿಗೆ ಇರಿದವನು, ಅಷ್ಟು ಹೊತ್ತೂ ಹೆದರಿ ನೆಲ ಕಚ್ಚಿದ್ದ ಪುಟ್ಟ ಮೆರ್ರಿ.

ಇನ್ನು, ನಾವು ಹುಟ್ಟಿ ಬೆಳೆದ ನಾಡಿನ ಕಥೆಯನ್ನೇ ಏಕೆ ಮರೆಯಬೇಕು? ಅಗಸ್ತ್ಯರನ್ನು ವರಿಸುವಾಗ ಕಾವೇರಿ ಒಂದು ಷರತ್ತು ಹಾಕಿದ್ದಳು: ತನ್ನನ್ನು ಒಂಟಿಯಾಗಿ ಬಿಟ್ಟು ಹೋಗಬಾರದು, ಬಿಟ್ಟರೆ ತಾನು ಹೊರಟುಹೋಗುವೆ. ಒಂದು ದಿನ ಋಷಿ ಅವಳನ್ನು ಕಮಂಡಲುವಿನಲ್ಲಿಟ್ಟು ಶಿಷ್ಯರಿಗೆ ಒಪ್ಪಿಸಿ ಸ್ನಾನಕ್ಕೆ ಹೋದರು. ಅವಳು ಹೊರಟೇಬಿಟ್ಟಳು. ಶಿಷ್ಯರು ತಡೆಯಲು ಬಂದಾಗ ನೆಲದೊಳಗೆ ಇಳಿದು ಭಾಗಮಂಡಲದಲ್ಲಿ ಮೇಲೆದ್ದಳು, ಬಲಮುರಿಯಲ್ಲಿ ಜನ ಅಡ್ಡನಿಂತು ತಡೆದಾಗ ಅವಳ ಪ್ರವಾಹದ ರಭಸಕ್ಕೆ ಹೆಂಗಸರ ಸೀರೆಯ ನಿರಿಗೆಗಳು ಹಿಂದಕ್ಕೆ ಸರಿದವೆಂದೂ, ಕೊಡವತಿಯರು ಇಂದಿಗೂ ನಿರಿಗೆಯನ್ನು ಹಿಂದೆ ಉಡುವುದು ಅದರ ಗುರುತೆಂದೂ ನಂಬಿಕೆಯಿದೆ. ಋಷಿಯೊಬ್ಬರ ಹೆಂಡತಿ, ಕೊಟ್ಟ ಮಾತು ಮುರಿದುದಕ್ಕೆ ಶಾಪ ಹಾಕದೆ, ಅಳದೆ, ಕತ್ತಿ ಎತ್ತದೆ, ತಾನು ಮೊದಲೇ ಹೇಳಿದ್ದನ್ನು ಹೇಳಿದಂತೆಯೇ ಮಾಡಿದಳು. ತುಲಾ ಸಂಕ್ರಮಣದಂದು ತಲಕಾವೇರಿಯಲ್ಲಿ ಕೈಮುಗಿಯುವ ನಾವು ಅವಳನ್ನು ತಾಯಿಯೆಂದು ಪೂಜಿಸುತ್ತೇವೆ, ಆ ನಿರ್ಧಾರದ ಗಟ್ಟಿತನವನ್ನು ಮಾತ್ರ ನಮ್ಮ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳುವುದಿಲ್ಲ. ನನಗೆ ಇದೊಂದು ದೊಡ್ಡ ಕೊರತೆಯಾಗಿ ಕಾಣುತ್ತದೆ.

ಪ್ರಶ್ನೆ: ಹನ್ನೆರಡು, ಹದಿಮೂರು ವಯಸ್ಸಿನ ಮಕ್ಕಳಿಗೆ ತರಗತಿಯಲ್ಲಿ ಹೇಳಬಹುದಾದ, ಹೊಡೆದಾಟ ಕಡಿಮೆ ಇರುವ ಫ್ಯಾಂಟಸಿ ಯಾವುದು?
– ಪ್ರೌಢಶಾಲಾ ಶಿಕ್ಷಕಿ, ಕುಶಾಲನಗರ

ಉತ್ತರ: ಅರ್ಸುಲಾ ಲೆ ಗ್ವಿನ್ ಅವರು 1968ರಲ್ಲಿ ಬರೆದ ‘ಎ ವಿಝರ್ಡ್ ಆಫ್ ಅರ್ತ್‌ಸೀ’. ಜಂಬದಿಂದ ಮಂತ್ರ ಹಾಕಿ ಕತ್ತಲಿನ ನೆರಳೊಂದನ್ನು ಲೋಕಕ್ಕೆ ಬಿಟ್ಟ ಹುಡುಗ, ಮೊದಲು ಅದರಿಂದ ಓಡುತ್ತಾನೆ, ಆಮೇಲೆ ತಿರುಗಿ ಅದನ್ನೇ ಬೆನ್ನಟ್ಟುತ್ತಾನೆ, ಕೊನೆಗೆ ಅದನ್ನು ತನ್ನ ಹೆಸರಿನಿಂದಲೇ ಕರೆಯುತ್ತಾನೆ. ಅದಕ್ಕೂ ಮುನ್ನ ಮಕ್ಕಳಿಂದ ಪುಣ್ಯಕೋಟಿಯ ಹಾಡನ್ನು ಹಾಡಿಸಿ, ಹುಲಿಯ ಬಾಯಿಂದ ತಪ್ಪಿಸಿಕೊಂಡ ಹಸು ಮರಳಿ ಹೋಗದಿದ್ದರೆ ಯಾರಿಗೆ ತಿಳಿಯುತ್ತಿತ್ತು ಎಂದು ಕೇಳಿ. ಅವರ ಉತ್ತರಗಳನ್ನು ತಿದ್ದಬೇಡಿ.

ಪ್ರಶ್ನೆ: 2018ರ ಆಗಸ್ಟ್ ಮಳೆಯಲ್ಲಿ ಗುಡ್ಡ ಜರಿದು ನಮ್ಮ ಮನೆ, ತೋಟ ಎರಡೂ ಹೋದವು. ಆಗ ಚಿಕ್ಕವಳಾಗಿದ್ದ ಮಗಳು ಅಂದಿನಿಂದ ಇಂಥ ಪುಸ್ತಕಗಳಲ್ಲೇ ಮುಳುಗಿದ್ದಾಳೆ. ಇದು ನಿಜದಿಂದ ಓಡಿಹೋಗುವುದಲ್ಲವೇ? ನಿಲ್ಲಿಸಲೇ?
– ತಾಯಿಯೊಬ್ಬರು, ಮಕ್ಕಂದೂರು

ಉತ್ತರ: ಅಮ್ಮಾ, ದಯವಿಟ್ಟು ನಿಲ್ಲಿಸಬೇಡಿ. ಇದೇ ಆಕ್ಷೇಪಕ್ಕೆ ಟೋಲ್ಕಿನ್ ಅವರು 1939ರ ಉಪನ್ಯಾಸವೊಂದರಲ್ಲಿ ಉತ್ತರಿಸಿದ್ದರು. ಸೆರೆಯಾಳು ಮನೆಯನ್ನು ನೆನೆದು ಹೊರಬರಲು ಹಾತೊರೆಯುವುದೂ, ಸಿಪಾಯಿ ಕಾವಲು ಬಿಟ್ಟು ಓಡುವುದೂ ಒಂದೇ ಅಲ್ಲ, ಇವೆರಡನ್ನು ಬೆರೆಸಿ ಬೈಯುವುದು ಅನ್ಯಾಯ ಎಂಬುದು ಅವರ ವಾದದ ತಿರುಳು. ಕಾಲ ಕೆಳಗಿನ ನೆಲವೇ ಜಾರುವುದನ್ನು ನಿಮ್ಮ ಮಗಳು ಕಂಡಿದ್ದಾಳೆ. ನೆಲವನ್ನು ನಂಬಬಹುದೇ ಎಂಬ ಅವಳ ಪ್ರಶ್ನೆಯನ್ನು ಶಾಲೆಯ ಪಾಠಗಳು ಕೇಳುವುದೇ ಇಲ್ಲ, ಈ ಕಥೆಗಳು ಕೇಳುತ್ತವೆ. ಇಡೀ ಊರುಗಳು ಬೂದಿಯಾಗುವುದನ್ನೂ, ಉಳಿದವರು ಮರಳಿ ಬಂದು ಸಸಿ ನೆಡುವುದನ್ನೂ ಅವು ಅಂಜದೆ ಹೇಳುತ್ತವೆ. ಅಲ್ಲಿ ಗೆದ್ದು ಬಂದ ನಾಯಕನ ಗಾಯ ಕೂಡ ಪೂರ್ತಿ ಮಾಯುವುದಿಲ್ಲ. ಫ್ರೋಡೋ ತನ್ನ ಊರನ್ನು ಉಳಿಸಿದರೂ ಅಲ್ಲಿ ನೆಮ್ಮದಿಯಿಂದ ಇರಲಾರದೆ ಹಡಗು ಹತ್ತುತ್ತಾನೆ. ಎಲ್ಲ ಸರಿಹೋಗುತ್ತದೆ ಎಂದು ಸುಳ್ಳು ಹೇಳುವ ಹಿರಿಯರಿಗಿಂತ, ಇಷ್ಟನ್ನು ನಿಜವಾಗಿ ಹೇಳುವ ಪುಸ್ತಕ ಅವಳಿಗೆ ಹೆಚ್ಚು ಆಪ್ತವೆನಿಸಿದ್ದರೆ ಆಶ್ಚರ್ಯವಿಲ್ಲ.

ಆದರೆ ಮಳೆಯ ಸದ್ದಿಗೆ ಅವಳು ಬೆಚ್ಚುವುದು, ನಿದ್ದೆಗೆಡುವುದು, ಊಟ ಬಿಡುವುದು ಕಂಡುಬಂದರೆ, ಅದನ್ನು ಪುಸ್ತಕದ ಮೇಲೆ ಹೊರಿಸದೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಉಳಿದಂತೆ, ಅವಳು ಓದುತ್ತಿರುವುದನ್ನು ನಿಮಗೆ ಹೇಳಲು ಕೇಳಿ. ಕಥೆಯ ನೆಪದಲ್ಲಿ ಅವಳು ಆ ರಾತ್ರಿಯ ಮಾತು ತೆಗೆದರೆ ತಡೆಯದೆ ಕೇಳಿಸಿಕೊಳ್ಳಿ, ನಿಮಗೂ ಹೆದರಿಕೆಯಾಗಿತ್ತೆಂದು ಅವಳಿಗೆ ಹೇಳಿ.

ಪ್ರಶ್ನೆ: ಕೊಡಗಿನಲ್ಲಿ ನಡೆಯುವ ಫ್ಯಾಂಟಸಿ ಕಾದಂಬರಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೋಟೆ, ಡ್ರ್ಯಾಗನ್, ಮಾಂತ್ರಿಕ ಎಲ್ಲವನ್ನೂ ತಂದಿದ್ದೇನೆ, ಆದರೂ ಜೀವ ಬಂದಿಲ್ಲ. ಏನು ಮಾಡಲಿ?
– ಯುವ ಲೇಖಕರು, ಪೊನ್ನಂಪೇಟೆ

ಉತ್ತರ: ಡ್ರ್ಯಾಗನ್ನನ್ನು ಬಿಟ್ಟುಬಿಡಿ. ನಿಮ್ಮ ಸುತ್ತಲೇ ಸಾವಿರಕ್ಕೂ ಮಿಕ್ಕ ದೇವರಕಾಡುಗಳಿವೆ, ಕೊಡಲಿ ಹಾಕಬಾರದೆಂದು ತಲೆತಲಾಂತರದಿಂದ ಜನ ಅಂಜಿ ಕಾಪಾಡಿಕೊಂಡು ಬಂದ ಕಾಡುಗಳು. ಅಲ್ಲಿ ಒಂದು ಮರ ಕಡಿದವನಿಗೆ ಏನಾಗುತ್ತದೆ ಎಂಬುದೇ ಒಂದು ಕಾದಂಬರಿಯ ಮೊದಲ ಅಧ್ಯಾಯವಾಗಬಲ್ಲದು. ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ಕಾರಣವರನ್ನು, ಅಂದರೆ ಗತಿಸಿದ ಹಿರಿಯರನ್ನು ನೆನೆದು ಎಡೆ ಇಡುವ ಪದ್ಧತಿಯಿದೆ. ಆ ಹಿರಿಯ ಒಂದು ರಾತ್ರಿ ಎದುರು ಬಂದು, ತಾನು ಕೊಟ್ಟು ಈಡೇರಿಸದೆ ಹೋದ ಮಾತೊಂದನ್ನು ನಡೆಸಿಕೊಡು ಎಂದು ಕೇಳಿದರೆ ಮೊಮ್ಮಗ ಏನು ಮಾಡಬೇಕು? ನಾಟಿ ಮುಗಿದ ಮೇಲೆ ಬರುವ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ನಲ್ಲಿ ಕೋವಿ, ಒಡಿಕತ್ತಿಗಳಿಗೆ ತೋಕ್ ಪೂ ಎಂಬ ಹೂ ಮುಡಿಸಿ ಪೂಜಿಸುತ್ತಾರೆ. ಆಯುಧವನ್ನು ಕೈಗೆ ತೆಗೆದುಕೊಳ್ಳುವ ಮುನ್ನ ಅದಕ್ಕೆ ತಲೆಬಾಗಬೇಕೆಂಬ ಜನರ ನಡುವೆ ಹುಟ್ಟಿದ ವೀರ, ಬೇರೆ ನಾಡಿನ ವೀರನಂತೆ ಕತ್ತಿ ಝಳಪಿಸಲಾರ.

ಹಿಂದೆ ಹುಲಿ ಕೊಂದವನಿಗೆ ನರಿಮಂಗಲ ಮಾಡುತ್ತಿದ್ದರು. ಕೊಡವ ತಕ್ಕಿನಲ್ಲಿ ಹುಲಿಗೆ ನರಿ ಎನ್ನುತ್ತಾರೆ. ಸತ್ತ ಹುಲಿಯನ್ನು ತೂಗುಹಾಕಿ, ಪಕ್ಕದಲ್ಲಿ ಮದುವಣಿಗನಂತೆ ಸಿಂಗರಿಸಿದ ಬೇಟೆಗಾರನನ್ನು ಕೂರಿಸಿ, ಊರಿನವರು ಅಕ್ಕಿ ಹಾಕಿ ಹರಸುತ್ತಿದ್ದರು. ಈ ದೃಶ್ಯವನ್ನು ಬರೆಯುವುದಾದರೆ ಜಯಘೋಷದಿಂದ ತುಂಬಬೇಡಿ. ತಾನು ಕೊಂದ ಜೀವದ ಪಕ್ಕದಲ್ಲೇ ಮದುಮಗನಾಗಿ ಕುಳಿತವನ ಎದೆಯಲ್ಲಿ ಏನು ನಡೆಯುತ್ತಿತ್ತೆಂದು ಯೋಚಿಸಿ ಬರೆಯಿರಿ. ಕಾಡಿನ ದಾರಿ ಬಲ್ಲ ಕುಡಿಯರು, ಯರವರು, ಕುರುಬರು, ಅರೆಭಾಷೆ ಮಾತನಾಡುವ ಗೌಡರು ಕಥೆಯಲ್ಲಿ ಬರಲಿ, ಬಂದವರು ನಾಯಕನಿಗೆ ದಾರಿ ತೋರಿಸಿ ಮರೆಯಾಗದೆ ತಮ್ಮದೇ ಮಾನ, ತಮ್ಮದೇ ಹಟ ಇರುವವರಾಗಿ ನಿಲ್ಲಲಿ. ನಾಡಪದಗಳ ರುಚಿ ಹತ್ತಬೇಕಾದರೆ ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಹೊರತಂದ ಕೊಡವ ಜಾನಪದ ಸಂಗ್ರಹ ‘ಪಟ್ಟೋಲೆ ಪಳಮೆ’ಯನ್ನು ಕೈಗೆತ್ತಿಕೊಳ್ಳಿ, ದುಡಿಯ ಲಯ ಕಿವಿಯಲ್ಲಿ ಕೂರುವವರೆಗೆ ಗಟ್ಟಿಯಾಗಿ ಓದಿ.

ಮಾಟಕ್ಕೆ ಬೆಲೆ ಕಟ್ಟಿಸುವುದನ್ನು ಮರೆಯಬೇಡಿ. ಪ್ರತಿ ಮಂತ್ರಕ್ಕೂ ಹಾಕಿದವನು ಏನನ್ನಾದರೂ ತೆರಬೇಕು: ಒಂದು ನೆನಪು, ಒಂದು ಬೆರಳು, ಮಗಳ ಮೇಲಿನ ಹಕ್ಕು, ಯಾವುದಾದರೂ ಆಗಲಿ. ತೆರಲು ಏನೂ ಉಳಿಯದ ಹೊತ್ತಿಗೆ ಕಥೆಯ ಕಠಿಣ ಗಳಿಗೆಯನ್ನು ತನ್ನಿ. ಹೆದರಿದ ಮನುಷ್ಯರು ಉದ್ದುದ್ದ ಮಾತಾಡುವುದಿಲ್ಲವಾದ್ದರಿಂದ, ಯುದ್ಧದ ಹಿಂದಿನ ರಾತ್ರಿ ನಿಮ್ಮ ನಾಯಕ ಮಾಡುವ ಭಾಷಣವಿದ್ದರೆ ತೆಗೆದುಹಾಕಿ, ಅವನು ಕೋವಿಯ ನಳಿಗೆಯನ್ನು ಮತ್ತೆ ಮತ್ತೆ ಒರೆಸುತ್ತಾ ಕುಳಿತಿರಲಿ. ಹೀಗೆ ತಿದ್ದಿದ ಮೊದಲ ಮೂರು ಅಧ್ಯಾಯಗಳನ್ನು ಪತ್ರಿಕೆಯ ವಿಳಾಸಕ್ಕೆ ಕಳುಹಿಸಿದರೆ ಓದಿ ಅಭಿಪ್ರಾಯ ತಿಳಿಸುತ್ತೇನೆ.